ಎರಡು ಜನ್ಮದಿನಗಳು

ಜಯನಗರ, ಬನಶಂಕರಿಗಳಿಂದ ಮಗಳನ್ನು ಶಾಲೆಗೆ ಸೇರಿಸಲು ಬರುವ ತಾಯಂದಿರು ಜನ್ಮದಿನದ ತಾರೀಖನ್ನು ಹೇಳುವರು. ಜೊತೆಯಲ್ಲಿ ಬಂದ ಅಜ್ಜಿಯರು "ನಾಗರಪಂಚಮಿಯ ಮರುದಿನ" ಎನ್ನುವುದುಂಟು. ದಾಖಲೆಯಲ್ಲಿ ನಾವು ಬರೆದುಕೊಳ್ಳುವುದು ತಾರೀಖನ್ನು ಮಾತ್ರ. ಮರುವರ್ಷ ಆ ಎರಡು ದಿನಗಳೂ ಬೇರೆಬೇರೆಯಾಗಿ ಬರಲು, ಅಜ್ಜಿಯ ಲೆಕ್ಕವೇ ತಪ್ಪೆಂದು ಬಾಲಿಕೆಯು ಭಾವಿಸುವಳು. ಇದು ಸರಿಯಲ್ಲ.

ಹನ್ನೆರಡು ಚಾಂದ್ರಮಾಸಗಳಿಗೆ ಸುಮಾರು 354 ದಿನಗಳು; ಸೂರ್ಯನನ್ನನುಸರಿಸುವ ಇಂಗ್ಲಿಷ್ ವರ್ಷಕ್ಕೆ 365. ಆದುದರಿಂದ ತಿಥಿಯ ಹುಟ್ಟುಹಬ್ಬವು ವರ್ಷಕ್ಕೆ ಸುಮಾರು ಹನ್ನೊಂದು ದಿನ ಮುಂಚಿತವಾಗಿ ಬರುವುದು. ಈ ಕೊರತೆಯನ್ನು ತುಂಬಲು ಪಂಚಾಂಗವು 19 ವರ್ಷಗಳಲ್ಲಿ ಸಾಮಾನ್ಯವಾಗಿ ಏಳು ಅಧಿಕಮಾಸಗಳನ್ನು ಸೇರಿಸುತ್ತದೆ. ಇಂಗ್ಲಿಷ್ ಗಣನೆಯೂ ತಿದ್ದುಪಡಿಯಿಲ್ಲದೆ ನಡೆದುದಲ್ಲ: 1752ರಲ್ಲಿ ಬ್ರಿಟನ್ನಿನಲ್ಲಿ ಸೆಪ್ಟೆಂಬರ್ 2ರ ಮರುದಿನವೇ 14 ಆಯಿತು. ಈಸ್ಟರ್ ಹಬ್ಬವಾದರೋ ಇಂದಿಗೂ ಹುಣ್ಣಿಮೆಯ ಲೆಕ್ಕದಿಂದಲೇ ಗೊತ್ತಾಗುತ್ತದೆ.

ಪ್ರಾಚೀನ ಮೆಕ್ಸಿಕೋದ ಆಜ್ಟೆಕರು 260 ದಿನಗಳದೊಂದು, 365 ದಿನಗಳದೊಂದು, ಹೀಗೆ ಎರಡು ಗಣನೆಗಳನ್ನಿಟ್ಟುಕೊಂಡಿದ್ದರು. 52 ವರ್ಷಗಳಿಗೊಮ್ಮೆ ಅವು ಕೂಡಿದಾಗ ಹಳೆಯ ಬೆಂಕಿಯನ್ನಾರಿಸಿ ಹೊಸದನ್ನು ಹೊತ್ತಿಸುತ್ತಿದ್ದರು. ನಮ್ಮ ತಿಥಿ ತಾರೀಖುಗಳು ಅಷ್ಟು ಕಾಲ ಕಾಯಿಸವು. 19 ವರ್ಷಗಳು ತುಂಬಿದಾಗ, ಬಹುಮಟ್ಟಿಗೆ ಒಂದು ದಿನದ ಅಂತರದೊಳಗೆ, ಮತ್ತೆ ಸೇರುತ್ತವೆ.

ಪೂರ್ವ ವಿದ್ಯಾರ್ಥಿನಿಯರೇ, ನಿಮ್ಮ 19ನೆಯ, 38ನೆಯ ಹುಟ್ಟುಹಬ್ಬಗಳನ್ನು ಪಂಚಾಂಗದಲ್ಲಿ ಪರೀಕ್ಷಿಸಿ ನೋಡಿರಿ. ಮಾತಾಪಿತೃಗಳೇ, ಮಗಳ ತಾರೀಖಿನ ಪಕ್ಕದಲ್ಲಿ ತಿಥಿಯನ್ನೂ ಮನೆಯ ಪುಸ್ತಕದಲ್ಲಿ ಬರೆದಿಡಿರಿ. ಅಜ್ಜಿಯ ನೆನಪು ಅಜ್ಜಿಯೊಡನೆಯೇ ಅಳಿಯಬಾರದು.