ಹಳದಿ ಅಂಗಿ ಬಿಟ್ಟುಕೊಟ್ಟು ಗೆದ್ದವನು

ಟೂರ್ ದ ಫ್ರಾನ್ಸ್ ಸೈಕಲ್ ಓಟದ ವಿಜೇತರ ಪಟ್ಟಿಯಲ್ಲಿ 1953, 54, 55ರ ಮುಂದೆ ಲೂಯಿಸೋಂ ಬೊಬೆ ಹೆಸರಿದೆ. 1957ರ ಮುಂದೆ ಜಾಕ್ ಆಂಕೆತೀಲ್. ಇಬ್ಬರೂ ಫ್ರಾನ್ಸಿನ ಮನೆಮಾತು. ಇವರ ನಡುವೆ, 1956ರ ಸಾಲಿನಲ್ಲಿರುವ ಹೆಸರು ರೋಜೆ ವಾಲ್ಕೋವಿಯಾಕ್. ಈ ಹೆಸರನ್ನು ಫ್ರೆಂಚರು ದಶಕಗಳ ಕಾಲ ಹೀಯಾಳಿಸಲಿಕ್ಕೆ ಬಳಸಿದರು. ಯೋಗ್ಯತೆಯಿಲ್ಲದವನಿಗೆ ದಕ್ಕಿದ ಗೆಲುವು ಎನ್ನಬೇಕಾದಾಗಲೆಲ್ಲ ಅವನ ಹೆಸರು ಎತ್ತಿದರು. ಕಾಗೆ ಕೂರುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಯಿತು ಎಂಬುದೇ ಅವರ ತೀರ್ಪು. ಆ ವರ್ಷದ ಓಟವನ್ನು ಒಂದೊಂದೇ ಹಂತ ನೋಡುತ್ತಾ ಹೋದರೆ ಈ ತೀರ್ಪು ಎಷ್ಟು ಅನ್ಯಾಯದ್ದು ಎಂಬುದು ಗೊತ್ತಾಗುತ್ತದೆ.

ವಾಲ್ಕೋವಿಯಾಕ್ ಹುಟ್ಟಿದ್ದು 1927ರ ಮಾರ್ಚ್ 2ರಂದು, ಫ್ರಾನ್ಸಿನ ನಟ್ಟನಡುವಿನ ಮೋಂಲ್ಯುಸೋಂ ಎಂಬ ಕಾರ್ಖಾನೆಗಳ ಊರಿನಲ್ಲಿ. ತಂದೆ ಪೋಲೆಂಡಿನಿಂದ ವಲಸೆ ಬಂದ ಕಾರ್ಮಿಕ. ಆಗ ಟೂರ್‌ನಲ್ಲಿ ಕಂಪನಿಗಳ ತಂಡಗಳಿರಲಿಲ್ಲ, ದೇಶಗಳ ತಂಡಗಳು ಓಡುತ್ತಿದ್ದವು. ಫ್ರಾನ್ಸಿನ ರಾಷ್ಟ್ರೀಯ ತಂಡದಲ್ಲಿ ಜಾಗ ಸಿಗದ ಫ್ರೆಂಚರಿಗಾಗಿ ಪ್ರಾಂತೀಯ ತಂಡಗಳಿದ್ದವು. ಅಂಥದ್ದೊಂದು ತಂಡಕ್ಕೆ, ಈಶಾನ್ಯ-ಮಧ್ಯ ಪ್ರಾಂತದ ತಂಡಕ್ಕೆ, ಕೊನೆಗಳಿಗೆಯಲ್ಲಿ ಕರೆಬಂದು ಸೇರಿಕೊಂಡವನು ವಾಲ್ಕೋವಿಯಾಕ್. ಹಾಗೆಂದು ಅವನೇನೂ ಹೊಸಬನಲ್ಲ. 1953ರ ಪ್ಯಾರಿಸ್-ನೀಸ್ ಓಟದಲ್ಲಿ ಎರಡನೆಯವನಾಗಿದ್ದ. 1955ರಲ್ಲಿ, ಪರ್ವತಗಳಿಗೇ ಹೆಸರಾದ ದೋಫಿನೆ ಓಟದಲ್ಲಿ ಸಾಕ್ಷಾತ್ ಬೊಬೆಯ ಹಿಂದೆ ಎರಡನೆಯ ಸ್ಥಾನ ಪಡೆದಿದ್ದ. ಎಲ್ಲಿಂದಲೋ ಬಂದವನು ಎಂದು ಬರೆದವರು ಹಿಂದಿನ ವರ್ಷದ ಈ ಫಲಿತಾಂಶವನ್ನಾದರೂ ನೋಡಬಹುದಿತ್ತು.

1956ರ ಜುಲೈ 5ರಂದು ರ‍್ಯಾನ್ಸ್ ನಗರದಿಂದ ಓಟ ಹೊರಟಿತು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ ಬೊಬೆ ಬಂದಿರಲಿಲ್ಲ. ಹಿಂದೆ ಟೂರ್ ಗೆದ್ದ ಒಬ್ಬನೂ ಆ ಸಲ ಕಣದಲ್ಲಿರಲಿಲ್ಲ. ದೊಡ್ಡ ಯಜಮಾನನಿಲ್ಲದ ಓಟದಲ್ಲಿ ಪ್ರತಿಯೊಂದು ತಂಡವೂ ಬೇರೆಯವರು ದುಡಿಯಲಿ ಎಂದು ಕಾಯುತ್ತದೆ. ಜುಲೈ 11ರಂದು, ಏಳನೆಯ ಹಂತದಲ್ಲಿ, ಲೋರಿಯಾಂನಿಂದ ಆಂಜೆಗೆ ಹೋಗುವ ದಾರಿಯಲ್ಲಿ ಆಗಿದ್ದೂ ಅದೇ. 31 ಸವಾರರು ಮುಖ್ಯ ಗುಂಪನ್ನು ಬಿಟ್ಟು ಮುಂದೆ ಹೋದರು. ಹಿಂದಿನ ಗುಂಪು ಬೆನ್ನಟ್ಟಲಿಲ್ಲ. ಸಂಜೆಗೆ ಅಂತರ 18 ನಿಮಿಷ ದಾಟಿತ್ತು. ಟೂರ್‌ನಲ್ಲಿ ಎಲ್ಲ ಹಂತಗಳ ಸಮಯವನ್ನೂ ಕೂಡಿ, ಒಟ್ಟು ಸಮಯ ಯಾರದ್ದು ಕಡಿಮೆಯೋ ಅವನಿಗೆ ಹಳದಿ ಅಂಗಿ. ಆ ರಾತ್ರಿ ಅದು ವಾಲ್ಕೋವಿಯಾಕ್‌ನ ಮೈಮೇಲಿತ್ತು.

ಅವನ ವಿರುದ್ಧ ಹೂಡುವ ವಾದವೆಲ್ಲ ಈ ಒಂದು ದಿನದ ಮೇಲೆ ನಿಂತಿದೆ. ಹದಿನೆಂಟು ನಿಮಿಷ ಪುಕ್ಕಟೆ ಸಿಕ್ಕಿತು, ಅದಕ್ಕೇ ಗೆದ್ದ ಎನ್ನುತ್ತಾರೆ. ಸಿಕ್ಕಿದ್ದು ನಿಜ, ಆದರೆ 31 ಮಂದಿಗೆ. ಉಳಿದ ಮೂವತ್ತು ಜನರಿಗೆ ಆ ಬಂಡವಾಳವನ್ನು ಪ್ಯಾರಿಸ್‌ವರೆಗೆ ಕಾಪಾಡಿಕೊಳ್ಳಲಾಗಲಿಲ್ಲ. ಇವನು ಕಾಪಾಡಿಕೊಂಡ. ಅದು ಹೇಗೆ ಎಂಬುದರಲ್ಲೇ ಈ ಕಥೆಯ ಸತ್ವವಿದೆ.

ತಂಡದ ನಿರ್ದೇಶಕ ಸೋವರ್ ದ್ಯುಕಾಜೋ ಓಟದ ಒಳಹೊರಗು ಬಲ್ಲವನು. ಹಳದಿ ಅಂಗಿ ಗೌರವವೂ ಹೌದು, ಹೊರೆಯೂ ಹೌದು. ಅದು ಯಾರ ಮೈಮೇಲಿದೆಯೋ ಅವನ ತಂಡವೇ ಇಡೀ ದಿನ ಗುಂಪಿನ ಮುಂದೆ ನಿಂತು ಗಾಳಿ ಸೀಳಬೇಕು, ಓಡಿಹೋದವರನ್ನೆಲ್ಲ ಹಿಡಿದು ತರಬೇಕು. ಪ್ರಾಂತೀಯ ತಂಡದ ಹುಡುಗರಿಗೆ ಅಷ್ಟು ಕಸುವು ಇರಲಿಲ್ಲ. ಪರ್ವತ ಬರುವ ಮೊದಲೇ ಅವರು ಸೋತು ಕೂತರೆ ಮುಂದೆ ಗತಿಯೇನು? ಅಂಗಿ ಬಿಟ್ಟುಬಿಡು ಎಂದು ದ್ಯುಕಾಜೋ ಸಲಹೆ ಕೊಟ್ಟ. ಪ್ರತಿ ಫ್ರೆಂಚ್ ಹುಡುಗನೂ ಕನಸು ಕಾಣುವ ಅಂಗಿ ಅದು. ಮೈಮೇಲಿರುವಾಗಲೇ ಅದನ್ನು ಕೈಬಿಡು ಎಂದರೆ ಒಪ್ಪುವ ಸವಾರರು ಎಷ್ಟು ಜನ ಸಿಕ್ಕಾರು? ವಾಲ್ಕೋವಿಯಾಕ್ ಒಪ್ಪಿದ. ಹತ್ತನೆಯ ಹಂತದಲ್ಲಿ ಅಂಗಿ ಡಚ್ ಸವಾರ ಗೆರಿಟ್ ಫೂರ್ಟಿಂಗ್‌ಗೆ ಹೋಯಿತು. ಅವನಿಂದ ಆಂದ್ರೆ ದಾರಿಗಾದ್‌ಗೆ, ಪಿರನೀಸ್‌ನಲ್ಲಿ ಬೆಲ್ಜಿಯಮ್ಮಿನ ಯಾನ್ ಆಡ್ರಿಯಾನ್ಸನ್ಸ್‌ಗೆ, ಆಮೇಲೆ ನೆದರ್‌ಲೆಂಡ್ಸ್‌ನ ವೌಟ್ ವಾಗ್ಟ್‌ಮನ್ಸ್‌ಗೆ. ಅಂಗಿ ಹೀಗೆ ಊರೂರು ಸುತ್ತುವಾಗ ವಾಲ್ಕೋವಿಯಾಕ್ ಮೇಲಿನ ಸ್ಥಾನಗಳಿಂದ ದೂರ ಸರಿಯದೆ, ಯಾರ ಕಣ್ಣಿಗೂ ಬೀಳದೆ ಕಾಲು ಉಳಿಸಿಕೊಂಡ.

ಹದಿನೆಂಟನೆಯ ಹಂತ ಇಟಲಿಯ ಟ್ಯೂರಿನ್‌ನಿಂದ ಗ್ರೆನೋಬ್ಲ್‌ಗೆ. ಒಂದೇ ದಿನದಲ್ಲಿ ಸುಮಾರು 250 ಕಿ.ಮೀ. ದಾರಿ, ಮಧ್ಯೆ ಆಲ್ಪ್ಸ್‌ನ ಕಣಿವೆದಾರಿಗಳು. ಮೊದಲು ಮೋಂ ಸೆನಿ. ನಂತರ 2,000 ಮೀಟರಿಗೂ ಎತ್ತರದ ಕ್ರುವಾ ದ ಫೇರ್. ಕೊನೆಗೆ, ಕಾಲು ಸೋತ ಮೇಲೆ, ಲ್ಯುಯಿತೆಲ್‌ನ ಕಡಿದಾದ ಏರು. ಆ ದಿನದ ಹಂತವನ್ನು ಗೆದ್ದವನು ಲಕ್ಸೆಂಬರ್ಗಿನ ಶಾರ್ಲಿ ಗೋಲ್, ಆ ಕಾಲದ ಅತಿದೊಡ್ಡ ಪರ್ವತವೀರ. ಅವನಿಗೆ ಒಟ್ಟು ಸಮಯದಲ್ಲಿ ಮೇಲೇರುವ ಅವಕಾಶ ಉಳಿದಿರಲಿಲ್ಲ. ನೋಡಬೇಕಾದ್ದು ಹಿಂದಿನವರನ್ನು. ಹಳದಿ ಅಂಗಿಯ ವಾಗ್ಟ್‌ಮನ್ಸ್ ಏರುಗಳಲ್ಲಿ ಕುಸಿದು, ಎಷ್ಟೋ ನಿಮಿಷ ಹಿಂದೆ ಬಿದ್ದ. ವಾಲ್ಕೋವಿಯಾಕ್ ಐದನೆಯವನಾಗಿ ಗ್ರೆನೋಬ್ಲ್ ಮುಟ್ಟಿದ. ಅಂಗಿ ಮತ್ತೆ ಅವನದಾಯಿತು. ಈ ಸಲ ಅದನ್ನು ಯಾರೂ ಬಿಟ್ಟುಕೊಟ್ಟಿರಲಿಲ್ಲ. ಟೂರ್‌ನ ಅತ್ಯಂತ ಕಠಿಣ ದಿನಗಳಲ್ಲೊಂದರಲ್ಲಿ, ಏರುದಾರಿಯಲ್ಲಿ ಅವನೇ ಗಳಿಸಿದ್ದು.

ಬಳಿಕದ ವೈಯಕ್ತಿಕ ಸಮಯದ ಓಟದಲ್ಲಿ, ರಾಷ್ಟ್ರೀಯ ತಂಡದ ಜಿಲ್ಬೇರ್ ಬೋವಾಂ ಅಂತರವನ್ನು ಕಡಿಮೆ ಮಾಡಿದರೂ ದಾಟಲಾಗಲಿಲ್ಲ. ಜುಲೈ 28ರಂದು ಪ್ಯಾರಿಸ್‌ನಲ್ಲಿ ಓಟ ಮುಗಿದಾಗ ವಾಲ್ಕೋವಿಯಾಕ್ 1 ನಿಮಿಷ 25 ಸೆಕೆಂಡಿನಿಂದ ಗೆದ್ದಿದ್ದ. ಸರಾಸರಿ ವೇಗ ಗಂಟೆಗೆ 36.268 ಕಿ.ಮೀ. ಅಲ್ಲಿಯವರೆಗಿನ ಯಾವ ಟೂರ್ ಕೂಡ ಇಷ್ಟು ವೇಗವಾಗಿ ಓಡಿರಲಿಲ್ಲ. ಆದರೂ ಕ್ರೀಡಾಂಗಣದ ಜನ ಅವನನ್ನು ತಣ್ಣಗೆ ಬರಮಾಡಿಕೊಂಡರು. ಒಂದು ಹಂತವನ್ನೂ ಗೆಲ್ಲಲಿಲ್ಲವಲ್ಲ ಎಂಬ ತಕರಾರು ಬೇರೆ. ಹಾಗೆ ಗೆದ್ದವರಲ್ಲಿ ಅವನು ಮೊದಲಿಗನಲ್ಲ, 1922ರಲ್ಲಿ ಫಿರ್ಮಾಂ ಲಾಂಬೋ ಕೂಡ ಹಂತ ಗೆಲ್ಲದೆಯೇ ಟೂರ್ ಗೆದ್ದಿದ್ದ.

ನನಗೆ ಹೆಚ್ಚು ಸಿಟ್ಟು ಬರಿಸುವುದು ಝಾನ್ ರೋಬಿಕ್‌ನ ಉದಾಹರಣೆ. 1947ರಲ್ಲಿ ರೋಬಿಕ್ ಕೂಡ ಪ್ರಾಂತೀಯ ತಂಡದವನೇ. ಓಟದುದ್ದಕ್ಕೂ ಒಂದು ದಿನವೂ ಹಳದಿ ಅಂಗಿ ತೊಡದೆ, ಕೊನೆಯ ದಿನ ದಾಳಿ ಮಾಡಿ ಟೂರ್ ಕಸಿದುಕೊಂಡ. ಅವನನ್ನು ಫ್ರಾನ್ಸ್ ಹೆಗಲ ಮೇಲೆ ಹೊತ್ತು ಮೆರೆಸಿತು. ಅವನು ಮಾತುಗಾರ, ಜಗಳಗಂಟ, ಪತ್ರಿಕೆಗಳಿಗೆ ದಿನಕ್ಕೊಂದು ಸುದ್ದಿ ಕೊಡುತ್ತಿದ್ದ. ವಾಲ್ಕೋವಿಯಾಕ್ ಸಂಕೋಚದ ಮನುಷ್ಯ. ಆ ಸಂಕೋಚವನ್ನೇ ಅವನ ಅಲ್ಪತನವೆಂದು ಓದಿಕೊಂಡರು.

ಆಮೇಲಿನ ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1957ರ ಟೂರ್ ಅರ್ಧಕ್ಕೆ ಬಿಟ್ಟ, 1958ರಲ್ಲಿ 75ನೆಯವನಾದ, 1960ರಲ್ಲಿ ಸೈಕಲ್ ಓಟವನ್ನೇ ನಿಲ್ಲಿಸಿದ. ಒಂದು ಬಾರ್ ನಡೆಸಿದ. ಬಂದ ಗಿರಾಕಿಗಳೂ ಆ ಗೆಲುವಿನ ಬಗ್ಗೆ ಚುಚ್ಚುತ್ತಿದ್ದರಂತೆ. ಕಾರ್ಖಾನೆಗೆ ಮರಳಿ ಲೇತ್ ಯಂತ್ರದ ಮುಂದೆ ನಿಂತ. ಟೂರ್ ಗೆದ್ದವನೊಬ್ಬ ತನ್ನ ಗೆಲುವಿನ ಬಗ್ಗೆ ಮಾತನಾಡಲೇ ಹಿಂಜರಿಯುವಂತೆ ಮಾಡಿದ್ದು ಫ್ರಾನ್ಸಿನ ಕ್ರೀಡಾಲೋಕದ ಮೇಲಿರುವ ಕಳಂಕ.

ಅವನ ಪರವಾಗಿ ಗಟ್ಟಿಯಾಗಿ ಮಾತಾಡಿದವನು ಐದು ಸಲ ಟೂರ್ ಗೆದ್ದ ಬರ್ನಾರ್ ಇನೋ. ಅಂಗಿ ಗಳಿಸಿದ, ಕಳೆದುಕೊಂಡ, ಮತ್ತೆ ಗಳಿಸಿದ, ಇವನೇನು ಕಳ್ಳನಲ್ಲ ಎಂಬುದು ಇನೋನ ವಾದ. ಆ ದಾರಿಯನ್ನು ತುಳಿದವರಿಗೆ ತಿಳಿಯುವ ಮಾತು ಇದು.

ವಾಲ್ಕೋವಿಯಾಕ್‌ನ ಹಾದಿಯಲ್ಲಿ ಬಂದವರೂ ಇದ್ದಾರೆ. 1990ರಲ್ಲಿ ಕ್ಲಾಡಿಯೊ ಕಿಯಾಪುಚ್ಚಿ ಮೊದಲ ದಿನಗಳಲ್ಲೇ ಹತ್ತು ನಿಮಿಷ ಗಳಿಸಿ, ಗ್ರೆಗ್ ಲೆಮಾಂಡ್‌ನ ಎದುರು ಕೊನೆಯವರೆಗೂ ಹೋರಾಡಿ ಎರಡನೆಯವನಾದ. 2011ರಲ್ಲಿ ತೋಮಾ ವೊಕ್ಲೇರ್ ಹತ್ತು ದಿನ ಹಳದಿ ಅಂಗಿ ಕಾಯ್ದುಕೊಂಡು ನಾಲ್ಕನೆಯ ಸ್ಥಾನದಲ್ಲಿ ಮುಗಿಸಿದ. 2023ರಲ್ಲಿ, ತಂಡದ ನಾಯಕರಿಗಾಗಿ ದುಡಿಯುತ್ತಿದ್ದ ಸೆಪ್ ಕಸ್ ಸ್ಪೇನಿನ ವುಯೆಲ್ಟಾವನ್ನೇ ಗೆದ್ದ. ಇವರನ್ನೆಲ್ಲ ಜನ ಮೆಚ್ಚಿ ಚಪ್ಪಾಳೆ ತಟ್ಟಿದರು. ಅದು ಸರಿಯೇ. ಆದರೆ ಅದೇ ಸಾಹಸವನ್ನು ಪ್ರಾಂತೀಯ ತಂಡದ ಬಲದಲ್ಲಿ ಮಾಡಿ, ಟೂರ್‌ನ್ನೇ ಗೆದ್ದು ತೋರಿಸಿದವನ ಪಾಲಿಗೆ ಆ ಚಪ್ಪಾಳೆ ಬರಲಿಲ್ಲ.

ರೋಜೆ ವಾಲ್ಕೋವಿಯಾಕ್ 2017ರ ಫೆಬ್ರುವರಿ 6ರಂದು, 89ನೆಯ ವಯಸ್ಸಿನಲ್ಲಿ ತೀರಿಕೊಂಡ. ಬದುಕಿದ್ದ ಟೂರ್ ವಿಜೇತರಲ್ಲಿ ಆಗ ಅವನೇ ಅತ್ಯಂತ ಹಿರಿಯ.