ಮೋಟಾರಿನಲ್ಲಿ ಸಂಗೀತ

ಕಾರಿನಲ್ಲಿ ಕುಳಿತು ಸಂಗೀತವನ್ನು ಕೇಳಬೇಕೆಂಬ ಆಸೆ ಹೊಸದಲ್ಲ. ಅಮೆರಿಕೆಯ ಗಾಲ್ವಿನ್ ಸಹೋದರರು 1930ರಲ್ಲಿಯೇ ‘ಮೋಟೊರೋಲಾ’ ಎಂಬ ಹೆಸರಿನ ಕಾರು ರೇಡಿಯೋವನ್ನು ಮಾರಾಟಕ್ಕೆ ತಂದರು. ಈಗ ಅಂಗಡಿಗೆ ಹೋದ ಗೃಹಸ್ಥನಿಗೆ ಮೊದಲು ಕೇಳಿಸುವುದು ಹಾಡಲ್ಲ, ವಾಟುಗಳ ಲೆಕ್ಕ. ಪೆಟ್ಟಿಗೆಯ ಮೇಲೆ ದೊಡ್ಡದಾಗಿ ಅಚ್ಚಾಗಿರುವ ಸಂಖ್ಯೆ ಕ್ಷಣಮಾತ್ರದ ಪರಮಾವಧಿ. ನಿರಂತರವಾಗಿ ದೊರೆಯುವ ಶಕ್ತಿಯನ್ನು ‘ಆರ್‌ಎಂಎಸ್’ ಎಂಬ ಸಣ್ಣ ಅಕ್ಷರಗಳ ಬಳಿ ಹುಡುಕತಕ್ಕದ್ದು.

ಆದರೆ ನಾನು ಮುಖ್ಯವಾಗಿ ಹೇಳಹೊರಟದ್ದು ತಂತಿಯ ವಿಷಯ. ಮೂರು ವರ್ಷಗಳ ಕೆಳಗೆ ನನ್ನ ಮಗನು ಕಾರಿಗೆ ಆಂಪ್ಲಿಫೈಯರನ್ನು ಹಾಕಿಸಿದನು. ಕೆಲಸಗಾರನು ಬ್ಯಾಟರಿಯ ಕೆಂಪು ತಂತಿಯನ್ನು ಎಂಜಿನಿನ ಹಿಂದಣ ತಗಡಿನ ರಂಧ್ರದಲ್ಲಿ ಹಾಗೆಯೇ ತೂರಿಸಿದ್ದನು. ರಬ್ಬರಿನ ಬಳೆಯಿಲ್ಲ, ಫ್ಯೂಸಿಲ್ಲ. ಕೆಲವು ತಿಂಗಳುಗಳಲ್ಲಿ ರಂಧ್ರದ ಅಂಚು ಹೊದಿಕೆಯನ್ನು ಕೊರೆದು, ತಾಮ್ರವು ತಗಡನ್ನು ಮುಟ್ಟಿ, ಹೊಗೆಯೆದ್ದಿತು. ಹಿಂದಿನ ಆಸನದಲ್ಲಿ ಮೊಮ್ಮಗಳು ನಿದ್ರಿಸುತ್ತಿದ್ದಳು. ಅವಳನ್ನೆತ್ತಿಕೊಂಡು ಹೊರಬಿದ್ದೆವು, ದಾರಿಯಲ್ಲಿ ಬರುತ್ತಿದ್ದ ಲಾರಿಯ ಚಾಲಕನೊಬ್ಬನು ಬ್ಯಾಟರಿಯ ಕೊಂಡಿಯನ್ನು ಕಿತ್ತು ನಮ್ಮನ್ನು ಉಳಿಸಿದನು.

ಬರಿಯ 12 ವೋಲ್ಟು ಏನು ಮಾಡೀತೆಂದು ನಾನೂ ಎಣಿಸಿದ್ದೆನು. ತಡೆಯಿಲ್ಲದ ಹಾದಿ ಸಿಕ್ಕರೆ ಆ ಬ್ಯಾಟರಿಯು ನೂರಾರು ಆಂಪಿಯರುಗಳನ್ನು ಹರಿಸಬಲ್ಲುದು. ಆದುದರಿಂದ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಫ್ಯೂಸಿರಬೇಕು; ದೂರವಿಟ್ಟರೆ ನಡುವಣ ತಂತಿಗೆ ರಕ್ಷಣೆಯಿಲ್ಲ. ಅದು ಪದೇ ಪದೇ ಹೋಗುವುದೆಂದು ದೊಡ್ಡದನ್ನು ಹಾಕಿಸಬಾರದು. ತಂತಿಯು ಎಷ್ಟು ತಾಳುವುದೋ ಅದಕ್ಕೆ ತಕ್ಕದ್ದನ್ನೇ ಹಾಕಿಸತಕ್ಕದ್ದು. ಹಣ ಕೊಡುವ ಮುನ್ನ ಬಾನೆಟ್ಟನ್ನು ತೆರೆಯಿಸಿ ಕಣ್ಣಾರೆ ನೋಡಿರಿ.

ಬಳಿಕ ಹಾಡನ್ನು ಕೇಳಬಹುದು. ಮೃದಂಗದ ಎಡಗೈಯ ನಾದ ಸೊರಗಿದ್ದರೆ, ಒಂದು ಸ್ಪೀಕರಿನ ಧನ ಋಣ ತಂತಿಗಳು ಅದಲುಬದಲಾಗಿರಬಹುದು. ತಿರುಗಿಸಿ ಜೋಡಿಸಲು ಹೇಳಿರಿ.