ರಾಜೀನಾಮೆ: ಯಾರ ರಾಜಿ?

2021ರ ಜುಲೈ 26. ಬಿ.ಎಸ್. ಯಡಿಯೂರಪ್ಪನವರು ವಿಧಾನಸೌಧದ ಬ್ಯಾಂಕ್ವೆಟ್ ಹಾಲ್‌ನಲ್ಲಿ, ತಮ್ಮ ಸರ್ಕಾರಕ್ಕೆ ಎರಡು ವರ್ಷ ತುಂಬಿದ ಕಾರ್ಯಕ್ರಮದಲ್ಲೇ, ಕಣ್ಣೀರು ಒರೆಸಿಕೊಳ್ಳುತ್ತಾ ರಾಜೀನಾಮೆ ಘೋಷಿಸಿದರು. ಮರುದಿನ ಆನ್‌ಲೈನ್ ಕ್ಲಾಸಿನಲ್ಲಿ ನಾನು ಪೌರನೀತಿ ಶುರು ಮಾಡುವ ಮೊದಲೇ ಹತ್ತನೇ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಮಿಸ್, ಅವರು ಅಷ್ಟು ಅಳ್ತಿದ್ರಲ್ಲ, ಹಾಗಾದ್ರೆ ಅವರದ್ದೇನೂ ತಪ್ಪಿಲ್ಲ ಅಲ್ವಾ?" ಇನ್ನೊಬ್ಬ ಮೈಕ್ ಆನ್ ಮಾಡಿ "ನಾಟಕ ಮಿಸ್, ಎಲ್ಲಾ ನಾಟಕ" ಅಂದ. ಉಳಿದವರು ಎರಡು ಪಾರ್ಟಿ ಆದರು. ಆವತ್ತು ಪಾಠ ಅಲ್ಲಿಗೇ ನಿಂತಿತು.

ಇಬ್ಬರೂ ನೋಡಿದ್ದು ಒಂದೇ, ಕಣ್ಣೀರು. ಒಬ್ಬಳಿಗೆ ಅದು ನಿರಪರಾಧಕ್ಕೆ ಸಾಕ್ಷಿ, ಇನ್ನೊಬ್ಬನಿಗೆ ಮೋಸಕ್ಕೆ ಸಾಕ್ಷಿ. ದೊಡ್ಡವರ ವಾಟ್ಸಾಪ್ ಗ್ರೂಪುಗಳೂ ಆ ವಾರ ಹೀಗೇ ಇದ್ದವು. ಕುರ್ಚಿಯ ಮೇಲೆ ಕೂತಿದ್ದಾಗ ಏನಾಯಿತು, ಇಳಿಸಿದವರು ಯಾರು, ಯಾಕೆ ಅನ್ನೋ ಪ್ರಶ್ನೆ ಎರಡೂ ಪಾರ್ಟಿಯಲ್ಲಿ ಇರಲಿಲ್ಲ.

ಉತ್ತರ ಹುಡುಕುತ್ತಾ ನಾನು ಮೊದಲು ಸಿಕ್ಕಿಬಿದ್ದದ್ದು ಪದದಲ್ಲೇ. ನಾನು ಶಾಲೆಯಲ್ಲಿ ಕನ್ನಡದಲ್ಲಿ ಪಾಠ ಮಾಡ್ತೀನಿ, ಮನೆಯಲ್ಲಿ ಉರ್ದು. ಉರ್ದುವಿನಲ್ಲಿ ಹುದ್ದೆ ಬಿಡುವುದಕ್ಕೆ 'ರಾಜೀನಾಮೆ' ಅನ್ನುವುದಿಲ್ಲ, 'ಇಸ್ತೀಫಾ' ಅನ್ನುತ್ತಾರೆ. ಉರ್ದುವಿನ 'ರಾಜೀನಾಮಾ' ಅಂದರೆ ಎರಡು ಕಡೆಯವರು ಒಪ್ಪಿ ಬರೆದುಕೊಂಡ ರಾಜಿ ಪತ್ರ. ನಾವು ಕನ್ನಡದಲ್ಲಿ 'ರಾಜಿ ಪಂಚಾಯ್ತಿ' ಅನ್ನುವಾಗ ಆ ಹಳೇ ಅರ್ಥವೇ ಉಳಿದಿದೆ. ಹಾಗಾದರೆ ಅದು ಹುದ್ದೆ ಬಿಡುವ ಕಾಗದ ಆದದ್ದು ಹೇಗೆ? ಹಳೆಯ ಮುಂಬೈ ಪ್ರಾಂತ್ಯದ ಕಂದಾಯ ದಾಖಲೆಗಳಲ್ಲಿ ರೈತ ತನ್ನ ಜಮೀನಿನ ಹಕ್ಕು ಬಿಟ್ಟುಕೊಡುವಾಗ ಬರೆಯುತ್ತಿದ್ದುದು ರಾಜೀನಾಮೆ, ಅದನ್ನು ವಹಿಸಿಕೊಳ್ಳುವವನು ಬರೆಯುತ್ತಿದ್ದುದು ಕಬೂಲಾಯತಿ. 'ನಾನು ಒಪ್ಪಿ ಬಿಡುತ್ತಿದ್ದೇನೆ' ಎಂಬ ಕಾಗದ. ಮುಂಬೈ ಕರ್ನಾಟಕವೂ ಗುಜರಾತಿನ ಹಲವು ಜಿಲ್ಲೆಗಳೂ ಆ ಪ್ರಾಂತ್ಯದಲ್ಲೇ ಇದ್ದವು. ಕನ್ನಡ, ಮರಾಠಿ, ಗುಜರಾತಿ ಮೂರರಲ್ಲೂ ಹುದ್ದೆ ಬಿಡುವುದಕ್ಕೆ ಈ ಪದವೇ ಬಂದದ್ದು ಆ ದಾರಿಯಿಂದಲೇ ಇರಬೇಕು ಅಂತ ನನ್ನ ಊಹೆ. ಗುಜರಾತಿಯಲ್ಲಿ 'ರಾಜೀನಾಮು' ಅನ್ನುತ್ತಾರೆ.

'ಇಸ್ತೀಫಾ' ಬೇರೆ. ಅದರ ಬೇರು ಅರಬಿಯ 'ಅಫ್ವ್', ನಾವು 'ಮಾಫಿ' ಅನ್ನುವ ಪದದ ಬೇರೂ ಅದೇ. ನನ್ನನ್ನು ಬಿಟ್ಟುಬಿಡಿ, ಈ ಭಾರದಿಂದ ವಿನಾಯಿತಿ ಕೊಡಿ ಎಂದು ಕೇಳಿಕೊಳ್ಳುವುದು ಇಸ್ತೀಫಾ. ಒಂದು ಪದದಲ್ಲಿ ಒಪ್ಪಿಗೆ, ಇನ್ನೊಂದರಲ್ಲಿ ಬೇಡಿಕೆ.

ಸೆಪ್ಟೆಂಬರ್ 11ಕ್ಕೆ, ಅಂದರೆ ನಮ್ಮ ಘಟನೆಯಾಗಿ 47ನೇ ದಿನಕ್ಕೆ, ಗುಜರಾತ್ ಮುಖ್ಯಮಂತ್ರಿ ವಿಜಯ್ ರೂಪಾನಿ ಕೂಡ ಇದ್ದಕ್ಕಿದ್ದಂತೆ ರಾಜೀನಾಮೆ ಕೊಟ್ಟರು. ಆಗ ಮಕ್ಕಳು ಮತ್ತೆ ಕೇಳಿದರು. ಈ ಸಲ ನಾನು ಗುಜರಾತಿನದ್ದೇ ಉದಾಹರಣೆ ಹಿಡಿದುಕೊಂಡೆ, ಯಾಕಂದರೆ ದೂರದ ಊರಿನ ನಾಯಕರ ಬಗ್ಗೆ ಮಕ್ಕಳು ಪಾರ್ಟಿ ಕಟ್ಟುವುದಿಲ್ಲ.

ನಾನು ಆರಿಸಿಕೊಂಡದ್ದು ಆನಂದಿಬೆನ್ ಪಟೇಲ್ ಅವರನ್ನು. ಅವರೂ ಟೀಚರ್ ಆಗಿದ್ದವರು ಅನ್ನೋದು ಒಂದು ಕಾರಣ, ಮುಚ್ಚಿಡುವುದಿಲ್ಲ. ಅಹಮದಾಬಾದಿನ ಮೋಹಿನಾಬಾ ಕನ್ಯಾ ವಿದ್ಯಾಲಯದಲ್ಲಿ ಪಾಠ ಮಾಡುತ್ತಿದ್ದರು, ಆಮೇಲೆ ಪ್ರಿನ್ಸಿಪಾಲರಾದರು. ಶಾಲಾ ಪ್ರವಾಸದಲ್ಲಿ ಮುಳುಗುತ್ತಿದ್ದ ಇಬ್ಬರು ವಿದ್ಯಾರ್ಥಿನಿಯರನ್ನು ನೀರಿಗೆ ಹಾರಿ ಉಳಿಸಿ ಶೌರ್ಯ ಪ್ರಶಸ್ತಿ ಪಡೆದವರು. 2014ರ ಮೇ 21ರಂದು ನರೇಂದ್ರ ಮೋದಿ ಮುಖ್ಯಮಂತ್ರಿ ಸ್ಥಾನ ಬಿಟ್ಟು ದೆಹಲಿಗೆ ಹೊರಟಾಗ ಗುಜರಾತ್ ವಿಧಾನಸಭೆಯಲ್ಲಿ ಬೀಳ್ಕೊಡುಗೆ ಅಧಿವೇಶನ ನಡೆಯಿತು. ತಪ್ಪಾಗಿದ್ದರೆ ಕ್ಷಮಿಸಿ ಎಂದು ಮೋದಿ ಕೇಳಿಕೊಂಡರು. ವಿರೋಧ ಪಕ್ಷದ ಶಂಕರಸಿಂಹ್ ವಘೇಲಾ ಕೂಡ ಅವರನ್ನು ಅಪ್ಪಿಕೊಂಡರು. ಆನಂದಿಬೆನ್ ಕಣ್ಣು ಒದ್ದೆಯಾಗಿತ್ತು. ಮರುದಿನ ಅವರೇ ರಾಜ್ಯದ ಮೊದಲ ಮಹಿಳಾ ಮುಖ್ಯಮಂತ್ರಿ.

ಇದೇ ಹೊತ್ತಿನಲ್ಲಿ ವಡೋದರದಲ್ಲಿ ಇನ್ನೊಂದು ರಾಜೀನಾಮೆ ನಡೆಯಿತು, ಅದು ಯಾರಿಗೂ ನೆನಪಿಲ್ಲ. ಲೋಕಸಭೆಗೆ ಮೋದಿಯವರನ್ನು 5,70,128 ಮತಗಳ ಅಂತರದಿಂದ ಗೆಲ್ಲಿಸಿದ ಊರು ಅದು. ವಾರಾಣಸಿಯನ್ನು ಉಳಿಸಿಕೊಂಡು ಅವರು ವಡೋದರ ಬಿಟ್ಟರು. ಎರಡು ಕಡೆ ಗೆದ್ದವರು ಒಂದನ್ನು ಬಿಡಲೇಬೇಕು, ಅದು ಕಾನೂನು. ಸೆಪ್ಟೆಂಬರಿನ ಉಪಚುನಾವಣೆಯಲ್ಲಿ ಮತ್ತೆ ಬಿಜೆಪಿಯೇ ಗೆದ್ದಿತು, ಆದರೆ ಮತ ಹಾಕಲು ಬಂದವರು ತುಂಬಾ ಕಡಿಮೆ. ಅತ್ತವರಿಲ್ಲ, ಬೈದವರಿಲ್ಲ, ಬಹಳ ಜನ ಮನೆಯಲ್ಲೇ ಉಳಿದರು. ಅದೂ ಒಂದು ಪ್ರತಿಕ್ರಿಯೆಯೇ ಅಂತ ನನಗನ್ನಿಸುತ್ತದೆ.

ಈಗ 2016ರ ಆಗಸ್ಟ್ 1. ಆನಂದಿಬೆನ್ ಫೇಸ್‌ಬುಕ್‌ನಲ್ಲಿ ಒಂದು ಭಾವುಕ ಪತ್ರ ಹಾಕಿದರು. ನವೆಂಬರಿಗೆ ನನಗೆ 75 ತುಂಬುತ್ತದೆ, 2017ರ ಚುನಾವಣೆಗೆ ಮೊದಲು ಹೊಸಬರಿಗೆ ಸಮಯ ಸಿಗಲಿ, ಎರಡು ತಿಂಗಳ ಹಿಂದೆಯೇ ಪಕ್ಷಕ್ಕೆ ಹೇಳಿದ್ದೆ, ಜವಾಬ್ದಾರಿಯಿಂದ ಮುಕ್ತಗೊಳಿಸಿ ಎಂಬುದು ಅದರ ಸಾರ. ಗಮನಿಸಿ, ಮಾತಿನ ಧಾಟಿ ಇಸ್ತೀಫಾದ್ದು, ಪದ ಮಾತ್ರ ರಾಜೀನಾಮು. ಕೇಳಿಕೊಂಡದ್ದು ಪಕ್ಷವನ್ನು. ರಾಜ್ಯಪಾಲರಿಗೆ ಕಾಗದ ಕೊಟ್ಟದ್ದು ಎರಡು ದಿನ ಬಿಟ್ಟು.

ಜನ ಅದನ್ನು ಹೇಗೆ ತೆಗೆದುಕೊಂಡರು ಅಂತ ತಿಳಿಯಲು ಹಿಂದಿನ ಒಂದು ವರ್ಷ ನೋಡಬೇಕು. 2015ರ ಆಗಸ್ಟ್ 25ರಂದು ಅಹಮದಾಬಾದಿನ ಜಿಎಂಡಿಸಿ ಮೈದಾನದಲ್ಲಿ ಮೀಸಲಾತಿ ಕೇಳಿ ಪಾಟೀದಾರರು ಲಕ್ಷಗಟ್ಟಲೆ ಸೇರಿದ್ದರು. ಸಂಜೆ ಲಾಠಿ ಬೀಸಿತು. ಅಹಮದಾಬಾದ್, ಸೂರತ್, ಮೆಹಸಾಣಾ ಕಡೆ ಗಲಭೆ, ಕರ್ಫ್ಯೂ, ಸಾವುಗಳು. ಮುಖ್ಯಮಂತ್ರಿ ಕೂಡ ಪಟೇಲರೇ, ಸಿಟ್ಟಾದವರೂ ಪಟೇಲರೇ. ಆ ವರ್ಷದ ಕೊನೆಗೆ ನಡೆದ ಸ್ಥಳೀಯ ಚುನಾವಣೆಯಲ್ಲಿ ಅಹಮದಾಬಾದ್, ವಡೋದರ, ಸೂರತ್ ಸೇರಿ ಆರೂ ಮಹಾನಗರ ಪಾಲಿಕೆಗಳು ಬಿಜೆಪಿಗೇ ಉಳಿದವು, ಜಿಲ್ಲಾ ಪಂಚಾಯಿತಿಗಳು ಬಹುತೇಕ ಕೈತಪ್ಪಿದವು. ಮುಂದಿನ ಜುಲೈ 11ಕ್ಕೆ ಉನಾ ಹತ್ತಿರ ಸತ್ತ ಹಸುವಿನ ಚರ್ಮ ಸುಲಿಯುತ್ತಿದ್ದ ದಲಿತ ಯುವಕರನ್ನು ಗೋರಕ್ಷಕರು ಅನ್ನಿಸಿಕೊಂಡವರು ಕಟ್ಟಿ ಹೊಡೆದರು. ವಿಡಿಯೋ ದೇಶವೆಲ್ಲ ಓಡಾಡಿತು. ಸುರೇಂದ್ರನಗರದ ಸರ್ಕಾರಿ ಕಚೇರಿ ಮುಂದೆ ಸತ್ತ ದನಗಳನ್ನು ತಂದು ಸುರಿದು, ನಿಮ್ಮ ತಾಯಿಯನ್ನು ನೀವೇ ಹೊತ್ತುಕೊಳ್ಳಿ ಎಂದರು ದಲಿತರು. ಜುಲೈ 31ಕ್ಕೆ ಅಹಮದಾಬಾದಿನ ಸಾಬರಮತಿಯಲ್ಲಿ ಅವರ ದೊಡ್ಡ ಸಮಾವೇಶ. ಇನ್ನು ಸತ್ತ ದನ ಎತ್ತುವುದಿಲ್ಲ ಎಂದು ಪ್ರತಿಜ್ಞೆ. ಮರುದಿನವೇ ಆ ಫೇಸ್‌ಬುಕ್ ಪತ್ರ.

ಹಾಗಾಗಿ ಅಹಮದಾಬಾದಿನಲ್ಲಿ ಆ ಪತ್ರ ಓದಿ ಅಳುವವರು ಯಾರು? ದಲಿತ ಚಳವಳಿಯವರಿಗೆ ಅದು ತಮ್ಮ ಒತ್ತಡದ ಫಲ, ಪಾಟೀದಾರರಿಗೆ ತಮ್ಮದು. ಆಮ್ ಆದ್ಮಿ ಪಕ್ಷದ ಕೇಜ್ರಿವಾಲ್ ತಮ್ಮ ಪಕ್ಷದ್ದು ಅಂದರು. ರಾಹುಲ್ ಗಾಂಧಿ, ಗುಜರಾತ್ ಹೊತ್ತಿ ಉರಿಯುತ್ತಿರುವುದಕ್ಕೆ ಆನಂದಿಬೆನ್‌ರ ಎರಡು ವರ್ಷ ಕಾರಣವಲ್ಲ, ಮೋದಿಯವರ ಹದಿಮೂರು ವರ್ಷ ಕಾರಣ ಅಂದರು. ಯಾರ ಕೈಗೆ ಗೆಲುವು ಅನ್ನೋದೇ ಚರ್ಚೆ. ಮಹಿಳೆಯೊಬ್ಬರು ಮೊದಲ ಸಲ ಆ ಕುರ್ಚಿಗೆ ಬಂದು ಎರಡೇ ವರ್ಷಕ್ಕೆ ಇಳಿದರು ಅನ್ನೋ ವಿಷಯ ಎದ್ದು ಕಾಣಲಿಲ್ಲ. ನಮ್ಮಲ್ಲಿ ಯಡಿಯೂರಪ್ಪನವರ ಸುತ್ತ ಹಿಂದಿನ ವಾರವೇ ವೀರಶೈವ-ಲಿಂಗಾಯತ ಮಠಾಧೀಶರು ಸೇರಿದ್ದರು, ರಾಜೀನಾಮೆಯ ದಿನ ಶಿಕಾರಿಪುರದಲ್ಲಿ ಅಂಗಡಿಗಳು ಬಾಗಿಲು ಹಾಕಿದವು. ಒಬ್ಬರ ಕಣ್ಣೀರು ಒಂದು ಸಮುದಾಯದ ಅವಮಾನವಾಗಿ ಬೆಳೆಯಿತು. ಆನಂದಿಬೆನ್‌ಗೆ ಆ ಬೆಂಬಲ ಇರಲಿಲ್ಲ. ಅವರ ಸಮುದಾಯವೇ ಬೀದಿಯಲ್ಲಿ ಎದುರಿಗೆ ನಿಂತಿತ್ತು. ಕಣ್ಣೀರಿಗೆ ಎಷ್ಟು ಬೆಲೆ ಅನ್ನೋದು ಕಣ್ಣೀರಿನ ಪ್ರಾಮಾಣಿಕತೆಯಿಂದ ತೀರ್ಮಾನ ಆಗುವುದಿಲ್ಲ, ಹಿಂದೆ ಯಾರು ನಿಂತಿದ್ದಾರೆ ಅನ್ನೋದರಿಂದ ಆಗುತ್ತೆ.

ಸೂರತ್ ಇನ್ನೂ ವಿಚಿತ್ರ. ಸೌರಾಷ್ಟ್ರದಿಂದ ಬಂದು ವಜ್ರದ ಕೆಲಸದಲ್ಲಿ ನೆಲೆನಿಂತ ಪಾಟೀದಾರರು ಅಲ್ಲಿ ಬಹಳ. ಚಳವಳಿಯ ನಾಯಕ ಹಾರ್ದಿಕ್ ಪಟೇಲ್ ಜೈಲಿನಿಂದ ಹೊರಬಂದದ್ದೂ ಸೂರತ್ತಿನ ಲಾಜ್‌ಪೋರ್‌ನಿಂದಲೇ, ಈ ರಾಜೀನಾಮೆಗೆ ಎರಡು ವಾರ ಮೊದಲು. ಆಗಸ್ಟ್ 7ಕ್ಕೆ ವಿಜಯ್ ರೂಪಾನಿ ಪ್ರಮಾಣವಚನ ತೆಗೆದುಕೊಂಡರು. ಮುಖ ಬದಲಾಯಿತು, ಸಿಟ್ಟು ಇಳಿಯಿತು ಅಂದುಕೊಂಡಿದ್ದರೆ ಸೆಪ್ಟೆಂಬರ್ 8ರಂದು ಸೂರತ್ತಿನಲ್ಲಿ ಪಾಟೀದಾರ ಉದ್ಯಮಿಗಳು ನಡೆಸಿದ ಸನ್ಮಾನ ಸಭೆಯಲ್ಲಿ ಘೋಷಣೆ, ಕುರ್ಚಿ ಎಸೆತ; ಅಮಿತ್ ಶಾ, ರೂಪಾನಿ ಭಾಷಣ ಬೇಗ ಮುಗಿಸಬೇಕಾಯಿತು. ಆದರೂ 2017ರ ಡಿಸೆಂಬರಿನಲ್ಲಿ, ರಾಜ್ಯದಲ್ಲಿ ಬಿಜೆಪಿ 99 ಸ್ಥಾನಕ್ಕೆ ಇಳಿದಾಗಲೂ ಸೂರತ್ ನಗರ ಅದರ ಕೈ ಬಿಡಲಿಲ್ಲ. ಇದಕ್ಕೆ ಸುಲಭದ ವಿವರಣೆ ನನ್ನ ಹತ್ತಿರ ಇಲ್ಲ. ಬೀದಿಯ ಪ್ರತಿಕ್ರಿಯೆಯನ್ನು ಮತಪೆಟ್ಟಿಗೆ ಅಂದುಕೊಳ್ಳಬಾರದು ಅಂತಷ್ಟೇ ಮಕ್ಕಳಿಗೆ ಹೇಳಿದೆ.

"ಜನ ಹೇಳಿ ಯಾರಾದ್ರೂ ಇಳಿದಿದ್ದಾರಾ ಮಿಸ್?" ಇಳಿದಿದ್ದಾರೆ, ಅದೇ ಅಹಮದಾಬಾದಿನಲ್ಲಿ. 1973ರ ಡಿಸೆಂಬರಿನಲ್ಲಿ ಎಲ್.ಡಿ. ಎಂಜಿನಿಯರಿಂಗ್ ಕಾಲೇಜಿನ ಹಾಸ್ಟೆಲ್ ಹುಡುಗರು ಮೆಸ್ ಬಿಲ್ ಏರಿದ್ದಕ್ಕೆ ಗಲಾಟೆ ಮಾಡಿದರು. ಅದು ಬೆಲೆ ಏರಿಕೆ, ಭ್ರಷ್ಟಾಚಾರದ ವಿರುದ್ಧ ನವನಿರ್ಮಾಣ ಚಳವಳಿಯಾಗಿ ರಾಜ್ಯಕ್ಕೆಲ್ಲ ಹಬ್ಬಿತು. ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 1974ರ ಫೆಬ್ರವರಿ 9ರಂದು ಮುಖ್ಯಮಂತ್ರಿ ಚಿಮನ್‌ಭಾಯ್ ಪಟೇಲ್ ರಾಜೀನಾಮೆ ಕೊಟ್ಟರು. ಅಲ್ಲಿಗೂ ಬಿಡದೆ ವಿಧಾನಸಭೆಯೇ ವಿಸರ್ಜನೆ ಆಗಲಿ ಎಂದರು, ಮೊರಾರ್ಜಿ ದೇಸಾಯಿ ಉಪವಾಸ ಕೂತರು, ಮಾರ್ಚಿನಲ್ಲಿ ಅದೂ ಆಯಿತು. ಇದನ್ನು ಕೇಳಿ ಹಿಂದಿನ ಬೆಂಚಿನವರು ಖುಷಿಯಾದರು. ಅದೇ ಚಿಮನ್‌ಭಾಯ್ 1990ರಲ್ಲಿ ಮತ್ತೆ ಮುಖ್ಯಮಂತ್ರಿ ಆದರು ಅಂದಾಗ ಮುಖ ಸಪ್ಪಗಾಯಿತು.

ಸಂವಿಧಾನದ 164ನೇ ವಿಧಿಯ ಪ್ರಕಾರ ಮಂತ್ರಿಮಂಡಲ ಒಟ್ಟಾಗಿ ವಿಧಾನಸಭೆಗೆ ಹೊಣೆ. ಆದರೆ ಮುಖ್ಯಮಂತ್ರಿ ರಾಜೀನಾಮೆ ಕೊಡುವಾಗ ಸಭೆಗೆ ಕಾರಣ ಹೇಳಲೇಬೇಕು ಎಂಬ ನಿಯಮವಿಲ್ಲ, ರಾಜ್ಯಪಾಲರಿಗೆ ಒಂದು ಕಾಗದ ಸಾಕು. ಆ ಖಾಲಿ ಜಾಗದಲ್ಲೇ ಕಣ್ಣೀರು ಬಂದು ಕೂರುತ್ತದೆ. ಕಾರಣ ಹೇಳದಿದ್ದಾಗ ಜನ ಮುಖ ನೋಡಿ ಕಾರಣ ಊಹಿಸುತ್ತಾರೆ. 2021ರಲ್ಲಿ ರೂಪಾನಿ ಅಳಲೂ ಇಲ್ಲ. ಕಾರ್ಯಕರ್ತರ ಜವಾಬ್ದಾರಿ ಕಾಲಕಾಲಕ್ಕೆ ಬದಲಾಗುವುದು ಪಕ್ಷದ ಪದ್ಧತಿ ಅಂದರು. ಒದ್ದೆಯಾದದ್ದು ಉಪಮುಖ್ಯಮಂತ್ರಿ ನಿತಿನ್ ಪಟೇಲ್ ಕಣ್ಣು. 2016ರಲ್ಲಿ ಅವರೇ ಮುಖ್ಯಮಂತ್ರಿ ಅಂತ ಬೆಂಬಲಿಗರು ಸಿಹಿ ಹಂಚಿದ ಮೇಲೆ ಹೆಸರು ತಪ್ಪಿತ್ತು, ಈಗ ಮತ್ತೆ ತಪ್ಪಿತು. ಭೂಪೇಂದ್ರ ಪಟೇಲ್ ಬಂದರು, ಆನಂದಿಬೆನ್‌ರ ಘಾಟ್ಲೋಡಿಯಾ ಕ್ಷೇತ್ರದವರೇ. ಹಳೆಯ ಮಂತ್ರಿಗಳಲ್ಲಿ ಒಬ್ಬರನ್ನೂ ಉಳಿಸಿಕೊಳ್ಳಲಿಲ್ಲ.

ನಮ್ಮ ಯಡಿಯೂರಪ್ಪನವರು ಕೂಡ, ದುಃಖದಿಂದಲ್ಲ ಸಂತೋಷದಿಂದ ಬಿಡುತ್ತಿದ್ದೇನೆ ಎಂದೇ ಹೇಳಿದ್ದು. ಬಾಯಿ ರಾಜಿ ಅನ್ನುತ್ತಿತ್ತು, ಕಣ್ಣು ಬೇರೆ ಹೇಳುತ್ತಿತ್ತು. ಆ ಕಣ್ಣೀರು ಸುಳ್ಳು ಅಂತ ನಾನು ಹೇಳುವುದಿಲ್ಲ. ನಾಲ್ಕು ಸಲ ಮುಖ್ಯಮಂತ್ರಿಯಾಗಿ ಒಂದು ಸಲವೂ ಅವಧಿ ಮುಗಿಸಲಾಗದ ಮನುಷ್ಯನಿಗೆ ಅಳು ಬರದೆ ಇರುತ್ತದೆಯೇ?

ಮುಂದಿನ ವಾರ ಮಕ್ಕಳಿಗೆ ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಹಾಕಿಸಿದೆ: ಯಾರು ಬಿಟ್ಟರು, ಯಾರ ಮುಂದೆ ಹೇಳಿದರು, ಆಗ ಜನರ ಬೇಡಿಕೆ ಏನಿತ್ತು, ಆ ಬೇಡಿಕೆ ಆಮೇಲೆ ಏನಾಯಿತು. ಮೊದಲ ಎರಡು ಬೇಗ ತುಂಬಿದವು. ನಾಲ್ಕನೆಯದಕ್ಕೆ ಫೋನಿನಲ್ಲಿ ಹಳೇ ಸುದ್ದಿ ಹುಡುಕಬೇಕಾಯಿತು. ಮೊದಲ ದಿನ ಪ್ರಶ್ನೆ ಕೇಳಿದ್ದ ಹುಡುಗಿ ಉನಾದ ಸಾಲಿನಲ್ಲಿ ಬರೆದದ್ದು ಹೀಗೆ: 2018ರ ಏಪ್ರಿಲ್‌ನಲ್ಲಿ ಏಟು ತಿಂದ ಆ ಕುಟುಂಬ ಬೌದ್ಧ ಧರ್ಮ ಸ್ವೀಕರಿಸಿತು.